ಚಿಟಿಕೆ ದೆವ್ವ ಮತ್ತು ಒಂದನೇ ನಂಬರಿನ ಗುಂಡಿ

"ಒಂದೇ ಒಂದು ತಿಂಗಳು. ಅಷ್ಟರಲ್ಲಿ ಆ ಚಿಟಿಕೆ ದೆವ್ವವನ್ನ ಟೀವಿಯಿಂದ ಓಡಿಸದೇ ಇದ್ರೆ ನನ್ನ ಹೆಸರು ಬದಲಾಯಿಸು!"

ತಕ್ಕಡಿ ಸಾಹೇಬರು ಹೆಂಡತಿಯ ಮುಂದೆ ಹೀಗೊಂದು ಭೀಷಣ ಶಪಥ ಮಾಡಿದ್ದು ಒಂದು ಸೋಮವಾರ, ಸಂಜೆ ಎಂಟು ಗಂಟೆ ಎರಡು ನಿಮಿಷಕ್ಕೆ. ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಕೂಡ ಎತ್ತಲಿಲ್ಲ. ಹೊಸ ಹೆಸರು ಏನಿಡಬೇಕು ಅನ್ನುವುದನ್ನೂ ಈಗಲೇ ಹೇಳಿಬಿಟ್ಟರೆ ಅನುಕೂಲ, ಆಮೇಲೆ ಹುಡುಕುತ್ತಾ ಕೂರುವುದು ತಪ್ಪುತ್ತದೆ ಎಂದರು. ಸಾಹೇಬರಿಗೆ ಪಿತ್ತ ನೆತ್ತಿಗೇರಿತು. ಅವರಿಗೆ ಕೋಪ ಮೂಗಿನ ತುದಿಯಲ್ಲಿ ಇರುವಂಥದ್ದಲ್ಲ, ಮೂಗಿನಿಂದಾಚೆ ಒಂದು ಗೇಣು ಚಾಚಿಕೊಂಡೇ ಇರುವಂಥದ್ದು.

ತಕ್ಕಡಿ ಸಾಹೇಬರು ಅನ್ನುವುದು ಮಾರುಕಟ್ಟೆಯವರು ಇಟ್ಟ ಹೆಸರು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಇಪ್ಪತ್ತಾರು ವರ್ಷಗಳಿಂದ ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಸರಿಯಿದ್ದರೆ ಮೊಹರು ಒತ್ತಿ, ತಪ್ಪಿದ್ದರೆ ಅಂಗಡಿಯವರ ಬೆವರಿಳಿಸಿ ಬರುವುದು ಅವರ ಕೆಲಸ. ಅವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಇಡೀ ಬೀದಿಯ ತಕ್ಕಡಿಗಳು ಅಲ್ಲಾಡುವುದನ್ನು ನಿಲ್ಲಿಸಿ ಮರ್ಯಾದೆಯಿಂದ ನಿಲ್ಲುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಆದರೆ ಆ ಬೀದಿ ದಾಟಿದರೆ ಸಾಹೇಬರ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಕಚೇರಿಯ ಪರೀಕ್ಷಾ ಕೊಠಡಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಗಾಳಿಗೆ ಸೂಕ್ಷ್ಮ ತಕ್ಕಡಿ ನಡುಗುತ್ತದೆ, ಬೇರೆ ಬಾಗಿಲು ಹಾಕಿಸಿ ಎಂದು ಅವರು ಹದಿನಾಲ್ಕು ಪುಟಗಳ ಟಿಪ್ಪಣಿ ಬರೆದು ಮೂರು ವರ್ಷವಾಯಿತು. ಮೇಲಧಿಕಾರಿಗಳು ಆ ಟಿಪ್ಪಣಿಯನ್ನು ನಾಲ್ಕು ಮಡಿಕೆ ಮಾಡಿ ಬಾಗಿಲ ಸಂದಿಗೆ ಸಿಕ್ಕಿಸಿದರು. ಬಾಗಿಲು ಈಗ ಗಟ್ಟಿಯಾಗಿ ಮುಚ್ಚುತ್ತದೆ. ಮನೆಯಲ್ಲೋ, ಹಜಾರಕ್ಕೆ ಬಿಳಿ ಬಣ್ಣ ಇರಲಿ ಎಂದು ಸಾಹೇಬರು ಒಂದು ವಾರ ಹೇಳಿದರು, ಎಂಟನೆಯ ದಿನ ಹಜಾರ ಹಸಿರಾಯಿತು. ಅವರನ್ನು ಕೇಳಬೇಕು ಎಂದು ಯಾರಿಗೂ ಅನ್ನಿಸಿರಲೇ ಇಲ್ಲ.

ಇಷ್ಟು ಕೋಪ ಬರಿಸಿದ ಈ ಚಿಟಿಕೆ ಯಾರು ಎಂದು ಹೇಳದೆ ಮುಂದೆ ಹೋದರೆ ಸಾಹೇಬರು ನಮ್ಮ ಮೇಲೂ ಎಗರಿ ಬೀಳುತ್ತಾರೆ. ವಾರಕ್ಕೆ ಐದು ದಿನ, ಸಂಜೆ ಏಳೂವರೆಗೆ 'ಬಾಗಿಲು ತಟ್ಟಿದವರಾರು' ಎಂಬ ದೆವ್ವದ ಧಾರಾವಾಹಿ ಬರುತ್ತದೆ. ಅದರ ನಾಯಕಿ ಡಾಕ್ಟರಮ್ಮ. ಆಕೆ ಸತ್ತು ಮೂವತ್ತು ವರ್ಷ. ಆದರೂ ದಿನಾ ಸಂಜೆ ತಮ್ಮ ಹಳೆಯ ದವಾಖಾನೆಗೆ ಬಂದು, ಸ್ಟೆತಾಸ್ಕೋಪು ಹಾಕಿಕೊಂಡು ರೋಗಿಗಳನ್ನು ನೋಡುತ್ತಾರೆ. ದೆವ್ವವಾದರೂ ಶಿಸ್ತಿನ ದೆವ್ವ. ಮೂರು ಸಲ ಬಾಗಿಲು ತಟ್ಟಬೇಕು, ಒಳಗಿನವರು ಯಾರಾದರೂ 'ಬನ್ನಿ' ಅನ್ನಬೇಕು, ಅನ್ನದಿದ್ದರೆ ಒಳಗೆ ಕಾಲಿಡುವಂತಿಲ್ಲ. ನಾಲ್ಕು ವರ್ಷ, ಸಾವಿರದ ಹನ್ನೊಂದು ಕಂತು, ಈ ನಿಯಮ ಒಂದು ದಿನವೂ ತಪ್ಪಿರಲಿಲ್ಲ. ಒಂದು ಕಂತಿನಲ್ಲಂತೂ ಬಾಗಿಲು ತೆರೆಯುವವರು ಯಾರೂ ಇಲ್ಲದೆ ಡಾಕ್ಟರಮ್ಮ ಚಳಿಯಲ್ಲಿ ನಿಂತೇ ಇದ್ದರು. ಆ ದಿನ ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಟೀವಿಯ ಕಡೆ ನೋಡಿ "ಬನ್ನಿ" ಎಂದಿದ್ದರು. ಹೀಗೆ ಡಾಕ್ಟರಮ್ಮ ಪಾಲಿಸುವ ನಿಯಮಗಳು ಒಟ್ಟು ಹದಿನೇಳು ಎಂದು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ಸಾವಿರದ ಹನ್ನೆರಡನೇ ಕಂತಿನಲ್ಲಿ ಬಂದಳು ನೋಡಿ, ಮಹಾರಾಯ್ತಿ! ಡಾಕ್ಟರಮ್ಮನ ತಂಗಿಯ ಮಗಳಂತೆ. ಅವಳೂ ದೆವ್ವವಂತೆ. ಬಾಗಿಲು ಎದುರಿಗೇ ಇದ್ದರೂ ಅದರ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಗೋಡೆ ದಾಟಿ ಒಳಗೆ ಬಂದಳು. ಡಾಕ್ಟರಮ್ಮ ಮೂರು ದಿನದಿಂದ ಒದ್ದಾಡುತ್ತಿದ್ದ ಒಬ್ಬ ರೋಗಿಯ ಮುಂದೆ ನಿಂತು, ಕಿಲಕಿಲ ನಕ್ಕು, ಬೆರಳಿನಿಂದ ಒಂದು ಚಿಟಿಕೆ ಹೊಡೆದಳು. ಜ್ವರ ಮಾಯ. ಧಾರಾವಾಹಿಯಲ್ಲಿ ಅವಳಿಗೆ ಏನೋ ಉದ್ದದ ಹೆಸರಿತ್ತು, ನೋಡುಗರ ಬಾಯಲ್ಲಿ ಅವಳು ಚಿಟಿಕೆಯಾದಳು. ಮೊದಲ ವಾರದಲ್ಲೇ ಹದಿನೇಳರಲ್ಲಿ ಹನ್ನೊಂದು ನಿಯಮ ಮುರಿದಿದ್ದಾಳೆ ಎಂದು ಸಾಹೇಬರು ನೋಟ್‌ಬುಕ್ಕು ನೋಡಿ ಹೇಳಿದರು. ಇಪ್ಪತ್ತಾರು ವರ್ಷ ನಿಯಮದ ಅನ್ನ ತಿಂದ ಮನುಷ್ಯನಿಗೆ ಇದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ ಸಾಧ್ಯ?

ಸುಮ್ಮನಿರಲಿಲ್ಲ. ಡಾಕ್ಟರಮ್ಮನ ಅಭಿಮಾನಿಗಳದ್ದೇ ಒಂದು ವಾಟ್ಸಾಪ್ ಗುಂಪಿತ್ತು, 'ಡಾಕ್ಟರಮ್ಮನ ರೋಗಿಗಳು' ಎಂದು ಅದರ ಹೆಸರು. ಮೊದಲೆಲ್ಲ ಇನ್ನೂರ ಮೂವತ್ತು ರೋಗಿಗಳು ಅಣ್ಣತಮ್ಮಂದಿರ ಹಾಗೆ ಇದ್ದರು. ಚಿಟಿಕೆ ಬಂದಮೇಲೆ ಗುಂಪು ಎರಡು ಹೋಳಾಯಿತು. ಇವಳು ಬಂದದ್ದರಿಂದ ಕತೆಗೆ ಜೀವ ಬಂತು ಎಂದು ಯಾರೋ ಬರೆದರು. ದೆವ್ವದ ಕತೆಗೆ ಜೀವ ಯಾಕೆ ಬೇಕು ಎಂದು ಸಾಹೇಬರು ಗುಡುಗಿದರು. ನಿವೃತ್ತ ದಂತವೈದ್ಯರೊಬ್ಬರು, ಓದಿ ಪಾಸಾದ ಡಾಕ್ಟರನ್ನು ಬಿಟ್ಟು ಚಿಟಿಕೆ ಹೊಡೆಯುವವಳ ಹತ್ತಿರ ಹೋಗುವುದು ಇಡೀ ವೈದ್ಯಕುಲಕ್ಕೆ ಅವಮಾನ ಎಂದು ನಲವತ್ತು ಸಾಲು ಬರೆದು ಸಾಹೇಬರ ಬಲಗೈಯಾದರು. ಎದುರು ಪಕ್ಷದ ಅರವತ್ತು ಜನ ಗುಂಪು ಬಿಟ್ಟು ಬೇರೆ ಗುಂಪು ಕಟ್ಟಿಕೊಂಡರು. ಅಲ್ಲಿ ಏನು ಬರೆಯುತ್ತಿದ್ದಾರೆ ಎಂದು ತಿಳಿಯದೆ ಸಾಹೇಬರಿಗೆ ಊಟ ಸೇರದಾಯಿತು.

ಕಚೇರಿಯಲ್ಲೂ ಇದೇ ರಾಮಾಯಣ. ಇಲಾಖೆಯ ಮೊಹರುಗಳನ್ನು ಕಾಯುವ ಗುಮಾಸ್ತೆಯೊಬ್ಬರಿದ್ದರು, ಅವರು ಚಿಟಿಕೆಯ ಪಕ್ಷ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತಲೇ ಅವರು ಅಮಾಯಕ ಮುಖ ಮಾಡಿಕೊಂಡು ಕೇಳಿದರು.

"ದೆವ್ವ ಅಂದ್ಮೇಲೆ ಗೋಡೆ ದಾಟಿಕೊಂಡು ಬರದೆ ಇನ್ನೇನು ಬಸ್ಸು ಹತ್ತಿ ಬರುತ್ತಾ, ಸಾರ್?"

"ಗೋಡೆ ಅಂದ್ರೆ ಗೋಡೆ. ಬಾಗಿಲು ಅಂದ್ರೆ ಬಾಗಿಲು. ನಾಲ್ಕು ವರ್ಷ ಒಬ್ಬಾಕೆ ನಿಯಮದಂತೆ ತಟ್ಕೊಂಡು ಬಂದಿರುವಾಗ, ನಿನ್ನೆ ಮೊನ್ನೆ ಬಂದವಳಿಗೆ ಗೋಡೆ ಬಿಟ್ಟುಕೊಡಬೇಕಾ?" ಎಂದು ಸಾಹೇಬರು ಡಬ್ಬಿಯ ಮುಚ್ಚಳ ಕುಕ್ಕಿದರು.

ಅದೇ ಸಿಟ್ಟಿನಲ್ಲಿ ಮಾರುಕಟ್ಟೆಗೆ ಹೋದರೆ, ಅಲ್ಲಿ ತರಕಾರಿ ಮಾರುವಾಕೆ ಮಾತಿಗೆ ಮಾತು ಬಂದು, ಆ ಹೊಸ ಹುಡುಗಿ ಮುದ್ದಾಗಿದ್ದಾಳೆ ಎಂದುಬಿಟ್ಟಳು. ಸಾಹೇಬರು ಅವಳ ತಕ್ಕಡಿಯನ್ನು ಅಲ್ಲೇ ಹಿಡಿದರು. ಎರಡು ಗಂಟೆ ಕಾಲ ಹನ್ನೊಂದು ಸಲ ಪರೀಕ್ಷಿಸಿದರು. ತಕ್ಕಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಲ್ಲು ಕಡಿಯುತ್ತಾ ಮೊಹರು ಒತ್ತಿ ವಾಪಸು ಕೊಡಬೇಕಾಯಿತು.

ಇಷ್ಟೆಲ್ಲ ಕೂಗಾಡುವ ಸಾಹೇಬರು, ತಮ್ಮ ಕೈಯಲ್ಲಿದ್ದ ನಿಜವಾದ ಅಸ್ತ್ರದ ಬಗ್ಗೆ ಮಾತ್ರ ಹೊರಗೆ ಯಾರ ಮುಂದೆಯೂ ತುಟಿ ಬಿಚ್ಚುವಂತಿರಲಿಲ್ಲ. ಅವರ ಮನೆಯ ಟೀವಿಗೆ ಎರಡು ವಾರದ ಹಿಂದೆ ಒಂದು ಅಳತೆ ಪೆಟ್ಟಿಗೆ ಬಂದಿತ್ತು.

ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ಎಣಿಸುವ ಕಂಪನಿಯೊಂದು ಚೀಟಿ ಎತ್ತಿ ಇವರ ಮನೆಯನ್ನು ಆರಿಸಿತ್ತು. ಕಂಪನಿಯ ಮೇಡಂ ಬಂದು ಟೀವಿಯ ಪಕ್ಕ ಪೆಟ್ಟಿಗೆ ಕೂರಿಸಿ, ಒಂದು ರಿಮೋಟು ಕೊಟ್ಟರು. ಮನೆಯಲ್ಲಿರುವವರು ನಾಲ್ಕು ಜನ, ಅದಕ್ಕೆ ನಾಲ್ಕು ಗುಂಡಿ. ಒಂದು ಸಾಹೇಬರದು, ಎರಡು ಹೆಂಡತಿಯದು, ಮೂರು ಸಾಹೇಬರ ತಾಯಿಯದು, ನಾಲ್ಕು ಕಾಲೇಜಿಗೆ ಹೋಗುವ ಮಗಳದು. ಟೀವಿಯ ಮುಂದೆ ಕೂತಾಗ ಅವರವರ ಗುಂಡಿ ಅವರವರು ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಪೆಟ್ಟಿಗೆ ಇರುವ ವಿಷಯ ಯಾರಿಗೂ ಹೇಳಬಾರದು. ಮೇಡಂ ಗುಂಡಿಯ ಬಗ್ಗೆ ಇನ್ನೂ ಏನೋ ವಿವರಿಸಲು ಹೊರಟಾಗ ಸಾಹೇಬರು ಕೈಯೆತ್ತಿ ತಡೆದು, ಅಳತೆಯ ಯಂತ್ರ ಬಳಸುವುದನ್ನು ತಮಗೇ ಹೇಳಿಕೊಡುತ್ತೀರಾ ಎಂದು ಗದರಿದರು. ಮೇಡಂ ಸುಮ್ಮನಾದರು. ಹೋಗುವ ಮುಂಚೆ ಮಾತ್ರ ಒಂದು ಮಾತು ಹೇಳಿದರು.

"ನಿಮ್ಮದೊಂದು ಮನೆ ಅಂದ್ರೆ ಹತ್ತು ಸಾವಿರ ಮನೆ ಇದ್ದ ಹಾಗೆ, ಸಾರ್. ನೀವು ಏನು ನೋಡ್ತೀರೋ ಅದರ ಮೇಲೆ ಚಾನೆಲ್‌ನವರು ತೀರ್ಮಾನ ಮಾಡ್ತಾರೆ."

ಸಾಹೇಬರು ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿಸಿಕೊಂಡರು. ಅವರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. ಜೀವಮಾನದಲ್ಲಿ ಮೊದಲನೇ ಸಲ, ತಮ್ಮ ಅಭಿಪ್ರಾಯವನ್ನು ಯಾರೋ ಎಣಿಸುತ್ತಾರೆ, ಅದೂ ಹತ್ತು ಸಾವಿರ ಪಟ್ಟು ಎಣಿಸುತ್ತಾರೆ! ಆ ದಿನ ರಿಮೋಟನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ ಇಟ್ಟರು.

ಶಪಥದ ಹಿಂದೆ ಇದ್ದದ್ದು ಈ ಪೆಟ್ಟಿಗೆಯ ಬಲ. ಅವರ ಯೋಜನೆ ಸರಳವಾಗಿತ್ತು. ಧಾರಾವಾಹಿ ಶುರುವಾದಾಗ ನಾಲ್ಕು ಗುಂಡಿಯೂ ಒತ್ತುವುದು. ಚಿಟಿಕೆ ಬಂದ ಕ್ಷಣ ಮತ್ತೆ ಒತ್ತಿ ನಾಲ್ವರೂ ಎದ್ದುಹೋದ ಹಾಗೆ ಮಾಡುವುದು. ಅವಳು ಹೋದ ಮೇಲೆ ಮತ್ತೆ ಒತ್ತಿ ಕೂರುವುದು. ಅವಳ ಮುಖ ಕಂಡ ತಕ್ಷಣ ಹತ್ತು ಸಾವಿರ ಮನೆಗಳು ಎದ್ದುಹೋದರೆ ಅವಳು ಎಷ್ಟು ದಿನ ಉಳಿದಾಳು? ಯಾರೂ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ, ಗುಂಡಿ ಎದ್ದರೆ ಸಾಕು.

ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ನಂಬರಿನ ಚೀಟಿ ಕೊಟ್ಟು ಸರದಿಯಂತೆ ಒಳಗೆ ಕಳಿಸುವ ಕೆಲಸದಲ್ಲಿದ್ದವರು. ಸರದಿ ತಪ್ಪಿಸುವವರನ್ನು ಕಂಡರೆ ಅವರಿಗೆ ಆಗದು. ಯೋಜನೆ ಕೇಳಿ ಮಡಿಸುತ್ತಿದ್ದ ಬಟ್ಟೆಯನ್ನು ಬದಿಗಿಟ್ಟರು.

"ಅಂಗಡಿಯವನು ತಕ್ಕಡಿ ಕೆಳಗೆ ಬೆರಳಿಟ್ಟು ತೂಗಿದ್ರೆ ನೀವೇನ್ ಮಾಡ್ತೀರಿ?"

"ಕೇಸು ಹಾಕ್ತೀನಿ."

"ಮತ್ತೆ ಇದೇನು?"

ಇದು ನ್ಯಾಯಕ್ಕಾಗಿ ಇಡುವ ಬೆರಳು, ಅದು ಮೋಸಕ್ಕಾಗಿ ಇಡುವ ಬೆರಳು, ಎರಡಕ್ಕೂ ಅಜಗಜಾಂತರ ಎಂದು ಸಾಹೇಬರು ಕಿಡಿಕಾರಿದರು. ಹೆಂಡತಿ, ಆ ಹುಡುಗಿಯ ವಿಷಯದಲ್ಲಿ ನನಗೇನನ್ನಿಸುತ್ತದೆ ಅಂದರೆ, ಎಂದು ಬಾಯಿ ತೆರೆದರು. ಈ ವಿಷಯದಲ್ಲಿ ಮನೆಗೆಲ್ಲ ಒಂದೇ ಅಭಿಪ್ರಾಯ ಇರಬೇಕು, ಅದು ಈಗಾಗಲೇ ಇದೆ ಎಂದು ಸಾಹೇಬರು ಆ ಬಾಯಿ ಮುಚ್ಚಿಸಿದರು.

ಎಡವಟ್ಟು ಆದದ್ದು ಎಲ್ಲಿ ಎನ್ನುವುದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಸಾಹೇಬರಿಗೆ ಅದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು, ನೀವು ಅಷ್ಟು ಕಾಯಬೇಕಾಗಿಲ್ಲ. ತಕ್ಕಡಿಯ ಕೆಲಸದಲ್ಲಿ ಪಳಗಿದ ಕೈ ಸೊನ್ನೆ ಹಿಡಿಯದೆ ಏನನ್ನೂ ತೂಗುವುದಿಲ್ಲ. ಕರೆಂಟಿನ ತಕ್ಕಡಿಯಲ್ಲಿ ಮೊದಲು ಒಂದು ಸಲ ಗುಂಡಿ ಒತ್ತಿದರೆ ಹಳೆಯದೆಲ್ಲ ಅಳಿಸಿ ಸೊನ್ನೆ ಬರುತ್ತದೆ, ಆಮೇಲೆ ತೂಕ ಶುರು. ಸಾಹೇಬರ ಬೆರಳಿಗೆ ಇಪ್ಪತ್ತಾರು ವರ್ಷದ ಆ ಅಭ್ಯಾಸ. ಹಾಗಾಗಿ ದಿನಾ ಏಳು ಇಪ್ಪತ್ತೈದಕ್ಕೆ ನಾಲ್ಕು ಗುಂಡಿಗಳನ್ನೂ ಒಂದೊಂದು ಸಲ ಒತ್ತಿ ಸೊನ್ನೆ ಹಿಡಿದರು. ಏಳೂವರೆಗೆ ಇನ್ನೊಂದು ಸಲ ಒತ್ತಿ ತೂಕ ಶುರು ಮಾಡಿದರು. ಧಾರಾವಾಹಿ ಮುಗಿದ ಮೇಲೆ ಒತ್ತುವ ಗೋಜಿಗೆ ಹೋಗಲಿಲ್ಲ, ಹೇಗೂ ಮಾರನೆಯ ದಿನದ ಸೊನ್ನೆ ಎಲ್ಲ ಅಳಿಸುತ್ತದಲ್ಲ.

ಆ ಪೆಟ್ಟಿಗೆಗೆ ಸೊನ್ನೆಯೂ ಇಲ್ಲ, ಗಿನ್ನೆಯೂ ಇಲ್ಲ. ಒಂದು ಸಲ ಒತ್ತಿದರೆ ಕೂತಂತೆ, ಇನ್ನೊಂದು ಸಲ ಒತ್ತಿದರೆ ಎದ್ದಂತೆ. ಸಾಹೇಬರು ಸೊನ್ನೆ ಹಿಡಿದಾಗ ಅದರ ಲೆಕ್ಕದಲ್ಲಿ ನಾಲ್ವರೂ ಕೂತರು. ಧಾರಾವಾಹಿ ಶುರುವಾದಾಗ ನಾಲ್ವರೂ ಎದ್ದರು. ಚಿಟಿಕೆ ಬಂದಾಗ ಓಡೋಡಿ ಬಂದು ಕೂತರು. ಅವಳು ಹೋದ ಕ್ಷಣ ಮತ್ತೆ ಎದ್ದರು. ಪೆಟ್ಟಿಗೆಯ ಮೇಲೆ ನಾಲ್ಕು ಪುಟ್ಟ ದೀಪಗಳಿದ್ದವು, ಯಾರ ಹೆಸರಿನಲ್ಲಿ ಎಣಿಕೆ ನಡೆಯುತ್ತಿದೆ ಎಂದು ಅವು ಹತ್ತಿ ತೋರಿಸುತ್ತಿದ್ದವು. ಆದರೆ ಸಾಹೇಬರ ತಾಯಿಗೆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದು. ಬಂದ ಮೂರನೇ ದಿನವೇ ಪೆಟ್ಟಿಗೆಗೆ ಒಂದು ಕ್ರೋಶಾ ಹೊದಿಕೆ ಹೆಣೆದು ಹಾಕಿದ್ದರು.

ಮೊದಲ ದಿನ ಅವರವರ ಗುಂಡಿ ಅವರವರೇ ಒತ್ತಿದರು. ತಾಯಿಯವರು ಕನ್ನಡಕ ಹಾಕಿಕೊಂಡು ಮೂರನೇ ನಂಬರನ್ನು ಹುಡುಕುವಷ್ಟರಲ್ಲಿ ಚಿಟಿಕೆ ಬಂದು, ನಕ್ಕು, ಎರಡು ಕಾಯಿಲೆ ವಾಸಿ ಮಾಡಿ ಹೋಗಿಯೂ ಆಗಿತ್ತು. ಸಾಹೇಬರಿಗೆ ತಡೆಯಲಾಗಲಿಲ್ಲ. ಇನ್ನು ಮೇಲೆ ನಾಲ್ಕು ಗುಂಡಿಯೂ ನನ್ನವೇ ಎಂದು ರಿಮೋಟು ಕಿತ್ತುಕೊಂಡರು. ಅಂದಿನಿಂದ ದಿನಾ ಸಂಜೆ ಅವರು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯಾಚೆ ಚಿಟಿಕೆ ಸದ್ದು ಕೇಳುತ್ತಲೇ ಹಾರ್ಮೋನಿಯಂ ಬಾರಿಸುವವರ ಹಾಗೆ ಒಂದು, ಎರಡು, ಮೂರು, ನಾಲ್ಕು ಎಂದು ಒತ್ತತೊಡಗಿದರು. ಉಳಿದ ಮೂವರು ಅವರ ಪಕ್ಕದಲ್ಲಿ ಸಾಲಾಗಿ, ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು.

ಒಂದು ವಾರ ಕಳೆಯಿತು. ಚಿಟಿಕೆಗೆ ಅವಳದ್ದೇ ಆದ ಒಂದು ಹಿನ್ನೆಲೆ ಸಂಗೀತ ಬಂತು. ಸಾಹೇಬರು ಉರಿದುಬಿದ್ದರು. ಎರಡನೇ ವಾರ ಅವಳ ಬಿಳಿ ಬಟ್ಟೆ ಹೋಗಿ ಕೆಂಪು ಬಟ್ಟೆ ಬಂತು, ದಿನಕ್ಕೆ ಎರಡು ಸಲ ಬರುತ್ತಿದ್ದವಳು ಐದು ಸಲ ಬಂದಳು. ಸಾಹೇಬರ ಹೆಬ್ಬೆರಳು ನೋಯತೊಡಗಿತು. ಮೂರನೇ ವಾರ ಡಾಕ್ಟರಮ್ಮನಿಗೆ ಕೆಮ್ಮು ಶುರುವಾಯಿತು. ಸತ್ತು ಮೂವತ್ತು ವರ್ಷವಾದ ಮೇಲೆ ಕೆಮ್ಮು! ಧಾರಾವಾಹಿಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಅದರ ಅರ್ಥವೇನು ಎಂಬುದು ಟೀವಿ ನೋಡುವ ಎಲ್ಲರಿಗೂ ಗೊತ್ತು. ಸಾಹೇಬರು ಆ ಸಂಜೆ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಎಲ್ಲೋ ಬೇರೆ ಪೆಟ್ಟಿಗೆ ಮನೆಯವರು ಮೋಸ ಮಾಡುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಸಾಹೇಬರು ಬಂದರು. ಇಂಥ ಕಳ್ಳರನ್ನು ಎದುರಿಸಬೇಕಾದರೆ ನಾವು ಎರಡರಷ್ಟು ದುಡಿಯಬೇಕು. ಭಾನುವಾರ ಮಧ್ಯಾಹ್ನ ವಾರದ ಐದೂ ಕಂತುಗಳನ್ನು ಮತ್ತೆ ಹಾಕುತ್ತಿದ್ದರು. ಅದಕ್ಕೂ ನಾಲ್ವರೂ ಹಾಜರಿರಬೇಕು ಎಂದು ಆಜ್ಞೆಯಾಯಿತು. ತಾಯಿಯ ಮಧ್ಯಾಹ್ನದ ನಿದ್ದೆ ಹೋಯಿತು. ಗೆಳತಿಯ ಮನೆಗೆ ಹೊರಟು ಚಪ್ಪಲಿ ಹಾಕಿಕೊಂಡಿದ್ದ ಮಗಳನ್ನು ವಾಪಸು ಕರೆಸಿ ಕೂರಿಸಲಾಯಿತು. ಅವಳು ಮುಖ ಊದಿಸಿಕೊಂಡು, ಬೇಕೆಂದೇ ಅಪ್ಪನ ಕಿವಿಯ ಹತ್ತಿರ ಒಂದು ಚಿಟಿಕೆ ಹೊಡೆದಳು. ಸಾಹೇಬರು ಸರ್ರನೆ ನಾಲ್ಕು ಗುಂಡಿ ಒತ್ತಿದರು. ಟೀವಿಯಲ್ಲಿ ಆಗ ಸೋಪಿನ ಜಾಹೀರಾತು ಬರುತ್ತಿತ್ತು.

ಮಗಳು ನಕ್ಕುಬಿಟ್ಟಳು. ಸಾಹೇಬರು ರೇಗಿ, ಕೂಗಿ, ತಪ್ಪಿದ ಎಣಿಕೆಯನ್ನು ಸರಿಪಡಿಸಲು ಮತ್ತೆ ನಾಲ್ಕು ಗುಂಡಿ ಒತ್ತಿ, ಈ ಮನೆಯಲ್ಲಿ ಯಾರಿಗೂ ನ್ಯಾಯದ ಬಗ್ಗೆ ಕಾಳಜಿಯಿಲ್ಲ ಎಂದು ಹಾರಾಡಿದರು. ಆಗ ಹೆಂಡತಿ ಎದ್ದು ನಿಂತರು. ಅವರು ಕೂಗಲಿಲ್ಲ. ಆಸ್ಪತ್ರೆಯಲ್ಲಿ ನಂಬರು ಕೂಗಿ ಕೂಗಿ ಸಾಕಾದವರು ಮನೆಯಲ್ಲಿ ದನಿ ಏರಿಸುತ್ತಿರಲಿಲ್ಲ.

"ಮೂರು ವಾರದಿಂದ ನೋಡ್ತಾ ಇದ್ದೀನಿ ರೀ. ನಾನು ಕೂತಿದ್ದು ನೀವು ಹೇಳ್ತೀರಿ, ಎದ್ದಿದ್ದು ನೀವು ಹೇಳ್ತೀರಿ. ಈ ಮನೇಲಿ ನನ್ನ ಬೆರಳೂ ನಂದಲ್ವಾ?"

ಉತ್ತರ ಹೊಳೆಯದಿದ್ದಾಗ ಸಾಹೇಬರಿಗೆ ಕೋಪ ಇಮ್ಮಡಿಯಾಗುತ್ತಿತ್ತು. ಡಾಕ್ಟರಮ್ಮ ಸಾಯುತ್ತಾ ಬಿದ್ದಿರುವಾಗ ಬೆರಳಿನ ಮಾತು ಯಾಕೆ ಎಂದರು. ಡಾಕ್ಟರಮ್ಮ ಸತ್ತು ಮೂವತ್ತು ವರ್ಷ ಆಗಿದೆ ಎಂದು ಹೇಳಿ ಹೆಂಡತಿ ಒಳಗೆ ಹೋದರು. ಆಮೇಲೆ ನಾಲ್ಕು ದಿನ ಆ ಮನೆಯಲ್ಲಿ ಏಳೂವರೆಗೆ ನಾಲ್ಕು ಜನ ಸಾಲಾಗಿ ಕೂತರೂ ಕೆಮ್ಮಿದ್ದು ಡಾಕ್ಟರಮ್ಮ ಒಬ್ಬರೇ.

ಗುರುವಾರ ಚಾನೆಲ್‌ನವರು ಸಿಡಿಲಿನಂಥ ಸುದ್ದಿ ಕೊಟ್ಟರು. ಮುಂದಿನ ವಾರ ಡಾಕ್ಟರಮ್ಮನಿಗೆ ಮುಕ್ತಿ. ಆ ಬಳಿಕ ದವಾಖಾನೆ ಚಿಟಿಕೆಯದು. ಧಾರಾವಾಹಿಯ ಹೆಸರು ಕೂಡ ಬದಲಾಗುತ್ತದೆ, ಇನ್ನು ಬಾಗಿಲು ತಟ್ಟುವ ಪ್ರಶ್ನೆಯೇ ಇಲ್ಲವಲ್ಲ! ಗುಂಪಿನಲ್ಲಿ ದಂತವೈದ್ಯರು ಬರಿಯ ಕಪ್ಪು ಚೌಕಗಳನ್ನು ಕಳಿಸಿದರು. ಕಚೇರಿಯಲ್ಲಿ ಮೊಹರಿನ ಗುಮಾಸ್ತೆ ಸಾಹೇಬರ ಮುಖ ನೋಡಿ ಏನೂ ಕೆಣಕದೆ ಒಂದು ಲೋಟ ಟೀ ತಂದಿಟ್ಟರು. ಆ ಕನಿಕರ ಸಾಹೇಬರಿಗೆ ಕೆಣಕಿದ್ದಕ್ಕಿಂತ ಹೆಚ್ಚು ಉರಿಯಿತು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯ ಮೇಡಂ ತಿಂಗಳ ತಪಾಸಣೆಗೆ ಬಂದರು. ಬಗಲಲ್ಲಿ ಒಂದು ಕಡತ, ಮುಖದ ತುಂಬ ನಗು. ಇಷ್ಟು ಶಿಸ್ತಿನ ಮನೆಯನ್ನು ತಾವು ಕೆಲಸಕ್ಕೆ ಸೇರಿದಾಗಿನಿಂದ ನೋಡಿಲ್ಲ ಎಂದರು. ಬೇರೆ ಮನೆಗಳಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಮರೆಯುತ್ತಾರೆ, ಇಲ್ಲಿ ನಾಲ್ಕು ಜನ ಒಂದೇ ಉಸಿರಿಗೆ ಬರುತ್ತೀರಿ, ಒಂದೇ ಉಸಿರಿಗೆ ಹೋಗುತ್ತೀರಿ ಎಂದು ಹೊಗಳಿದರು. ಸಾಹೇಬರು ಮಾರುಕಟ್ಟೆಯಲ್ಲಿ ನಿಲ್ಲುವ ಹಾಗೆ ಎದೆ ಸೆಟೆಸಿ ನಿಂತರು.

"ಅಲ್ಲ ಸಾರ್, ಆ ಹೊಸ ದೆವ್ವ ಅಂದ್ರೆ ನಿಮ್ಮ ಮನೆಯವರಿಗೆ ಅದೆಷ್ಟು ಪ್ರೀತಿ! ಅವಳು ಬಂದಾಗ ಬರ್ತೀರಿ, ಅವಳು ಹೋದ ಕೂಡಲೇ ಎದ್ದು ಹೋಗ್ತೀರಿ. ಪಾಪ, ಆ ಹಳೇ ಡಾಕ್ಟರಮ್ಮನ ಕಡೆ ಒಂದು ದಿನ ಕೂಡ ತಿರುಗಿ ನೋಡಿಲ್ಲ ನೀವು."

ಸಾಹೇಬರ ಬಾಯಿ ತೆರೆದೇ ಇತ್ತು. ಮೇಡಂ ಕಡತದ ಹಾಳೆ ತೋರಿಸಿದರು. ಸಾಹೇಬರು ನಂಬಲಿಲ್ಲ. ಮೇಡಂ ಕ್ರೋಶಾ ಹೊದಿಕೆ ತೆಗೆದು ಒಂದನೇ ಗುಂಡಿ ಒತ್ತಿದರು, ದೀಪ ಹತ್ತಿತು. ಇನ್ನೊಮ್ಮೆ ಒತ್ತಿದರು, ದೀಪ ಆರಿತು. ಹಾಗಾದರೆ ಸೊನ್ನೆ ಎಲ್ಲಿ ಹಿಡಿಯುವುದು ಎಂದು ಸಾಹೇಬರು ಕೇಳಿದ್ದು ಅವರಿಗೇ ಸರಿಯಾಗಿ ಕೇಳಿಸಲಿಲ್ಲ. ಯಾವ ಸೊನ್ನೆ ಸಾರ್ ಎಂದು ಮೇಡಂ ಕೇಳಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

ಆಮೇಲೆ ಸಾಹೇಬರು ಸಿಡಿದದ್ದು ಬೀದಿಗೆಲ್ಲ ಕೇಳಿಸಿರಬೇಕು. ಇದು ಸುಳ್ಳು ಅಳತೆ, ಇದನ್ನು ಈ ಕ್ಷಣ ರದ್ದು ಮಾಡಬೇಕು, ಡಾಕ್ಟರಮ್ಮನ ಮುಕ್ತಿಯನ್ನು ನಿಲ್ಲಿಸಬೇಕು! ತಪ್ಪು ತಮ್ಮದೇ, ನಾಲ್ಕು ಗುಂಡಿಯನ್ನೂ ಒತ್ತಿದ್ದು ತಾವೇ, ಅದೂ ಚಿಟಿಕೆಯ ಮೇಲಿನ ಹಗೆಯಿಂದ ಒತ್ತಿದ್ದು, ಬೇಕಾದರೆ ಬರೆದುಕೊಳ್ಳಿ ಎಂದು ಒಂದೇ ಉಸಿರಿಗೆ ಒಪ್ಪಿಕೊಂಡರು. ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ಬರೆದುಕೊಂಡ ಮನುಷ್ಯ ತನ್ನ ತಪ್ಪು ಬರೆಸುವಾಗ ಕೈ ಹಿಸುಕಿಕೊಳ್ಳುತ್ತಿದ್ದುದನ್ನು ಹೆಂಡತಿ ನೋಡಿದರು, ಆಗ ಅವರ ನಗು ನಿಂತಿತು.

ಮೇಡಂ ಕಡತದಿಂದ ಒಂದು ಫಾರಮ್ಮು ತೆಗೆದರು. ಹಗೆ, ಪ್ರೀತಿ ಬರೆಯಲು ಇದರಲ್ಲಿ ಜಾಗವಿಲ್ಲ ಸಾರ್ ಎಂದರು. ಇದರಲ್ಲಿ ಇರುವುದು ಒಂದೇ ಪ್ರಶ್ನೆ. ಮನಸ್ಸಿಗೆ ವಿರುದ್ಧವಾಗಿ ಎಣಿಕೆಯಾದವರು ಎಷ್ಟು ಜನ? ಇಬ್ಬರಿದ್ದರೆ ಸಾಕು, ಈ ಮನೆಯ ಇಡೀ ತಿಂಗಳ ಲೆಕ್ಕ ರದ್ದಾಗುತ್ತದೆ, ಚಾನೆಲ್‌ಗೆ ಇವತ್ತೇ ತಿಳಿಸುತ್ತೇವೆ, ಅವರು ಇನ್ನೊಮ್ಮೆ ಯೋಚಿಸಲೇಬೇಕಾಗುತ್ತದೆ.

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ನಾಲ್ಕು ಎಂದು ಬರೆದುಕೊಳ್ಳಿ ಎಂದರು. ಹಾಗೆ ಬರೆಯಲು ಬರುವುದಿಲ್ಲ, ಪ್ರತಿಯೊಬ್ಬರನ್ನೂ ತಾವೇ ಕೇಳಬೇಕು ಎಂದು ಮೇಡಂ ಮಗಳ ಕಡೆ ತಿರುಗಿದರು. ಮಗಳು ಅಪ್ಪನ ಮುಖ ನೋಡಿದಳು, ನೆಲ ನೋಡಿದಳು, ತನಗೆ ಚಿಟಿಕೆ ಇಷ್ಟ, ಎಣಿಕೆ ಸರಿಯಾಗಿದೆ ಎಂದು ಮೆಲ್ಲಗೆ ಹೇಳಿದಳು. ಹೋಗಲಿ, ಚಿಕ್ಕವಳು ಎಂದು ಸಾಹೇಬರು ಹಲ್ಲು ಕಚ್ಚಿದರು. ಮೇಡಂ ಹೆಂಡತಿಯನ್ನು ಕೇಳಿದರು.

"ನಂದೂ ಸರಿಯಾಗಿದೆ ಮೇಡಂ. ಅವಳು ಬಂದಾಗ ಇವರು ಗುಂಡಿ ಒತ್ತೋದ್ರಲ್ಲಿ ಮುಳುಗಿರ್ತಾರೆ. ಕೂಗಾಟ ಇಲ್ಲದೆ ನನಗೆ ಟೀವಿ ಕೇಳಿಸೋದು ಆ ಎರಡು ನಿಮಿಷ ಮಾತ್ರ. ಅವಳು ಬರ್ಲಿ ಅಂತ ಕಾಯ್ತಾ ಕೂತಿರ್ತಿದ್ದೆ."

ಸಾಹೇಬರ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಯಿತು. ಆದರೂ ಪರವಾಗಿಲ್ಲ. ತಾವೊಬ್ಬರು, ತಾಯಿಯೊಬ್ಬರು, ಎರಡಾಯಿತಲ್ಲ! ಅಮ್ಮ ಹಳೆಯ ಕಾಲದವರು, ನಿಯಮ ನೀತಿ ಬಲ್ಲವರು, ಹೆತ್ತ ಮಗನನ್ನು ಎಂದೂ ಬಿಟ್ಟುಕೊಡದವರು. ಸಾಹೇಬರು ಹೋಗಿ ತಾಯಿಯ ಕುರ್ಚಿಯ ಪಕ್ಕ ನಿಂತು ಅವರ ಹೆಗಲ ಮೇಲೆ ಕೈಯಿಟ್ಟರು. ಅಮ್ಮ, ಇದ್ದದ್ದು ಇದ್ದ ಹಾಗೆ ಹೇಳಿಬಿಡು ಎಂದರು.

ತಾಯಿ ಹೆಣಿಗೆಯ ಕಡ್ಡಿ ಮಡಿಲಲ್ಲಿಟ್ಟು ಮೇಡಂ ಕಡೆ ತಿರುಗಿದರು.

"ಆ ಡಾಕ್ಟರಮ್ಮನ್ನ ನೋಡಿದ್ರೆ ನನಗೆ ಸಂಕಟ ಆಗ್ತಿತ್ತು ಕಣಮ್ಮ. ತಾನು ಕಟ್ಟಿದ ದವಾಖಾನೆ, ತನ್ನದೇ ಬಾಗಿಲು. ಸತ್ತ ಮೇಲೂ ಹೆಂಗಸು ಹೊರಗೆ ನಿಂತು, ಯಾರಾದ್ರೂ ಬಾ ಅನ್ನಲಿ ಅಂತ ಕಾಯ್ಬೇಕಾ? ಈ ಹುಡುಗಿ ಯಾರನ್ನೂ ಕೇಳದೆ ಒಳಗೆ ಬಂದ್ಲಲ್ಲ, ಆವತ್ತು ನನಗೆ ಎಷ್ಟು ಹಗುರ ಆಯ್ತು ಅಂತೀಯಾ. ನಂದು ಸರಿಯಾಗೇ ಎಣಿಸಿದೆ, ಬರ್ಕೋ."

ಸಾಹೇಬರ ಕೈ ತಾಯಿಯ ಹೆಗಲ ಮೇಲೇ ಇತ್ತು, ಅದನ್ನು ತೆಗೆಯಬೇಕೋ ಇಡಬೇಕೋ ಅವರಿಗೆ ತಿಳಿಯಲಿಲ್ಲ.

"ಮತ್ತೆ ನನಗೆ ಯಾಕಮ್ಮ ಒಂದು ಮಾತು ಹೇಳ್ಲಿಲ್ಲ?"

"ನೀನು ಕೇಳಿದ್ಯೇನಪ್ಪ?"

ಸಾಹೇಬರ ಕೋಪ ಮೊದಲನೇ ಸಲ ಬರಬೇಕಾದ ಹೊತ್ತಿಗೆ ಬರಲಿಲ್ಲ. ಅವರು ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು. ಬಂದು ಕುರ್ಚಿಯಲ್ಲಿ ಕೂತರು. ನನ್ನದು ಮಾತ್ರ ತಪ್ಪು ಎಣಿಕೆ, ಬರೆದುಕೊಳ್ಳಿ, ಒಂದನೇ ನಂಬರು ಎಂದರು. ಮೇಡಂ ಫಾರಮ್ಮನ್ನು ಮೇಲಿನಿಂದ ಕೆಳಗೆ ಇನ್ನೊಂದು ಸಲ ನೋಡಿ, ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಬರೆಯದೆ ಹಾಗೆಯೇ ಕಡತದೊಳಗೆ ಇಟ್ಟರು.

"ಒಬ್ಬರೇ ಆದ್ರೆ ನಾವು ಅವರನ್ನ ಲೆಕ್ಕಕ್ಕೇ ತಗೊಳಲ್ಲ, ಸಾರ್."